‘ಡೆಪ್ರಿಕೇಟ್’ ಎಂಬ ಕ್ರಿಯಾಪದ: ಅದರ ಅರ್ಥ ಮತ್ತು ಪ್ರಯೋಗ

ಇಂಗ್ಲಿಷ್ ಭಾಷೆಯಲ್ಲಿ ಅಸಮ್ಮತಿಯನ್ನು ತಿಳಿಸುವ ಕ್ರಿಯಾಪದಗಳು ಹಲವು. ಡಿಸಪ್ರೂವ್, ಕಂಡೆಮ್, ಸೆನ್ಷರ್, ರಿಬ್ಯೂಕ್, ಡಿಪ್ಲೋರ್, ಡೆಪ್ರಿಕೇಟ್ ಮುಂತಾದುವು ನಮ್ಮ ವಿದ್ಯಾರ್ಥಿಗಳ ಪಾಠಪುಸ್ತಕಗಳಲ್ಲಿಯೂ ಇಂಗ್ಲಿಷ್ ವೃತ್ತಪತ್ರಿಕೆಗಳಲ್ಲಿಯೂ ಆಗಾಗ ಎದುರಾಗುವ ಶಬ್ದಗಳೇ. ಇವುಗಳಲ್ಲಿ ಯಾವುದು ಬಂದರೂ ‘ಖಂಡಿಸು’ ಎಂದೋ ‘ನಿಂದಿಸು’ ಎಂದೋ ಕನ್ನಡದಲ್ಲಿ ಬರೆದುಕೊಂಡು ಮುಂದೆ ಸಾಗುವುದು ನಮ್ಮಲ್ಲಿ ರೂಢಿಯಾಗಿದೆ. ಪರೀಕ್ಷೆಯ ಮಟ್ಟಿಗೆ ಅದರಿಂದ ಹೆಚ್ಚಿನ ಹಾನಿಯಾಗದಿರಬಹುದು. ಆದರೆ ಲೋಕವ್ಯವಹಾರದಲ್ಲಿ ಶಬ್ದಗಳ ತೂಕವನ್ನರಿಯದೆ ನಡೆದರೆ ಹಿತದ ಮಾತು ಬೈಗುಳಾಗಿ ತೋರುವುದುಂಟು. ಆಗ ಮನಸ್ಸುಗಳು ಕೆಡುವುವು. ಆದುದರಿಂದ ಈ ಗುಂಪಿನ ಶಬ್ದಗಳಲ್ಲಿ ಅತ್ಯಂತ ತಪ್ಪು ತಿಳಿವಳಿಕೆಗೆ ಗುರಿಯಾಗಿರುವ ‘ಡೆಪ್ರಿಕೇಟ್’ ಎಂಬ ಒಂದನ್ನೇ ಎತ್ತಿಕೊಂಡು, ಅದರ ಹುಟ್ಟು, ಬೆಳವಣಿಗೆ ಮತ್ತು ಪ್ರಯೋಗಗಳನ್ನು ವಿವರಿಸಬೇಕೆಂಬುದು ಈ ಲೇಖನದ ಉದ್ದೇಶ.

ಮೊದಲು ನಾನು ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ನಾನು ಐದನೆಯ ತರಗತಿಯಲ್ಲಿ ಓದುತ್ತಿದ್ದಾಗ, ಊರಿಗೆ ಗಣ್ಯರು ಯಾರಾದರೂ ಬರುವರೆಂದರೆ ಶಾಲೆಯ ಮಕ್ಕಳನ್ನು ಮಾರ್ಗದ ಎರಡೂ ಬದಿಗಳಲ್ಲಿ ಸಾಲಾಗಿ ನಿಲ್ಲಿಸಿ ಚಪ್ಪಾಳೆ ತಟ್ಟಿಸುವ ಪದ್ಧತಿಯಿತ್ತು. ಒಮ್ಮೆ ಬರಬೇಕಾಗಿದ್ದ ಅತಿಥಿಗಳು ಎರಡು ಗಂಟೆ ತಡವಾಗಿ ಬಂದರು. ಅಷ್ಟರಲ್ಲಿ ನಮ್ಮ ಸಾಲಿನಲ್ಲಿದ್ದ ಮೂರನೆಯ ತರಗತಿಯ ಹುಡುಗಿಯೊಬ್ಬಳು ಬಿಸಿಲಿನ ತಾಪಕ್ಕೆ ತಲೆಸುತ್ತಿ ಬಿದ್ದಳು. ಆಕೆಯನ್ನು ಎತ್ತಿಕೊಂಡು ಹೋಗಿ ಅಂಗಡಿಯೊಂದರ ಜಗಲಿಯಲ್ಲಿ ಮಲಗಿಸಿ ಮುಖಕ್ಕೆ ನೀರು ಚಿಮುಕಿಸಿದುದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮರುತಿಂಗಳು ಶಾಲೆಯ ತನಿಖೆಗೆ ಬಂದ ಅಧಿಕಾರಿಗಳು ತಮ್ಮ ಇಂಗ್ಲಿಷ್ ವರದಿಯಲ್ಲಿ, ಮಕ್ಕಳನ್ನು ಪಾಠದ ವೇಳೆಯಲ್ಲಿ ಸ್ವಾಗತಕ್ಕಾಗಿ ಬೀದಿಯಲ್ಲಿ ನಿಲ್ಲಿಸುವ ರೂಢಿಯನ್ನು ‘ಡೆಪ್ರಿಕೇಟ್’ ಮಾಡಲಾಗಿದೆಯೆಂದು ಒಂದು ವಾಕ್ಯ ಬರೆದಿದ್ದರು.

ಆ ವರದಿ ಶಾಲೆಯ ಸಂಚಾಲಕರ ಕೈಸೇರಿದಾಗ ದೊಡ್ಡ ಗದ್ದಲವೆದ್ದಿತು. ಕೈಗೆ ಸಿಕ್ಕಿದ ಒಂದು ಸಣ್ಣ ನಿಘಂಟಿನಲ್ಲಿ ಆ ಶಬ್ದಕ್ಕೆ ‘ನಿಂದಿಸು’ ಎಂದು ಅರ್ಥ ಕೊಟ್ಟಿತ್ತಂತೆ. “ಊರವರು ಬೆವರು ಸುರಿಸಿ ಕಟ್ಟಿದ ಶಾಲೆಯನ್ನು ನಿಂದಿಸಲು ಇವರು ಯಾರು?” ಎಂದು ಹಿರಿಯರು ಕೆರಳಿದರು. ತರುಣ ಅಧ್ಯಾಪಕರೊಬ್ಬರು ಖಾರವಾದ ಉತ್ತರವನ್ನು ಸಿದ್ಧಪಡಿಸಿದರು. ತಾವೂ ಆ ಟಿಪ್ಪಣಿಯನ್ನು ‘ಡೆಪ್ರಿಕೇಟ್’ ಮಾಡುವುದಾಗಿ ಬರೆಯಹೋಗಿ, ಅವಸರದಲ್ಲಿ ‘ಡಿಪ್ರೀಶಿಯೇಟ್’ ಎಂಬ ಬೇರೆಯೇ ಶಬ್ದವನ್ನು ಬರೆದುಬಿಟ್ಟಿದ್ದರು. ಉತ್ತರವು ಅಂಚೆಗೆ ಹೋಗುವ ಮೊದಲು ಅದನ್ನು ಓದಿದವರು ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ವೃದ್ಧ ಅಧ್ಯಾಪಕರು. ಅವರು ವರದಿಯನ್ನೂ ಉತ್ತರವನ್ನೂ ಎರಡೆರಡು ಬಾರಿ ಓದಿ, “ಸಂಚಾಲಕರೇ, ಇದರಲ್ಲಿ ನಿಮ್ಮನ್ನು ಬೈದ ಮಾತು ಒಂದೂ ಇಲ್ಲವಲ್ಲ. ಮಕ್ಕಳನ್ನು ಬಿಸಿಲಿಗೆ ನಿಲ್ಲಿಸುವುದು ಬೇಡವೆಂದು ಬರೆದಿದ್ದಾರೆ. ಆ ಹುಡುಗಿಯ ತಾಯಿ ಬಂದು ಕೇಳಿದ್ದರೂ ಇದನ್ನೇ ಕೇಳುತ್ತಿದ್ದಳು” ಎಂದರಂತೆ. ಸಭೆ ಸುಮ್ಮನಾಯಿತು. ಉತ್ತರವು ಅಂಚೆಗೆ ಹೋಗಲಿಲ್ಲ. ಅಂದಿನಿಂದ ನಾವು ಮಾರ್ಗದಲ್ಲಿ ನಿಲ್ಲುವುದೂ ತಪ್ಪಿತು. ಮುಂದೆ ಆ ಅಧ್ಯಾಪಕರೇ ಈ ಕಥೆಯನ್ನು ಪ್ರೌಢ ತರಗತಿಯಲ್ಲಿ ನಮಗೆ ಹೇಳಿ, ಆ ಶಬ್ದವನ್ನು ಬಿಡಿಸಿ ತೋರಿಸಿದರು. ಅವರಿಂದ ಕೇಳಿದುದನ್ನೂ ಅನಂತರ ಓದಿ ತಿಳಿದುದನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ.

೧. ಮೂಲಾರ್ಥ

‘ಡೆಪ್ರಿಕೇಟ್’ ಎಂಬುದು ಲ್ಯಾಟಿನ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಶಬ್ದ. ಲ್ಯಾಟಿನಿನಲ್ಲಿ ‘ಪ್ರೆಕಾರಿ’ ಎಂದರೆ ಬೇಡಿಕೊಳ್ಳು, ಪ್ರಾರ್ಥಿಸು ಎಂದರ್ಥ. ಅದರ ಹಿಂದೆ ‘ದೆ’ ಎಂಬ ಉಪಸರ್ಗ ಸೇರಿದೆ. ಈ ಉಪಸರ್ಗಕ್ಕೆ ‘ಅತ್ತ, ದೂರಕ್ಕೆ’ ಎಂದೂ ‘ಕೆಳಕ್ಕೆ’ ಎಂದೂ ಎರಡು ಅರ್ಥಗಳಿವೆ. ‘ಡಿಪೋರ್ಟ್’ ಎಂಬಲ್ಲಿ ಅದು ದೂರಕ್ಕೆ ಸಾಗಿಸುವುದನ್ನು ಹೇಳುತ್ತದೆ. ‘ಡಿಸೆಂಡ್’ ಎಂಬಲ್ಲಿ ಕೆಳಕ್ಕೆ ಇಳಿಯುವುದನ್ನು ಹೇಳುತ್ತದೆ. ನಮ್ಮ ಶಬ್ದದಲ್ಲಿರುವುದು ಮೊದಲನೆಯ ಅರ್ಥ. ಅಂದರೆ, ‘ಪ್ರಾರ್ಥಿಸಿ ದೂರಮಾಡು’, ‘ಬರಲಿರುವ ಕೇಡು ಬಾರದಿರಲೆಂದು ಬೇಡಿಕೋ’ ಎಂಬುದೇ ‘ಡೆಪ್ರಿಕೇಟ್’ ಶಬ್ದದ ಮೂಲಾರ್ಥ.

ಇಂತಹ ಭಾವನೆ ನಮಗೆ ಹೊಸದಲ್ಲ. ಆಟಿ ತಿಂಗಳಲ್ಲಿ, ಮಳೆ ಬಿಡದೆ ಸುರಿದು ರೋಗರುಜಿನಗಳು ಹಬ್ಬುವ ಹೊತ್ತಿಗೆ, ತುಳುನಾಡಿನ ಮನೆಯಂಗಳಕ್ಕೆ ಆಟಿ ಕಳಂಜನು ಬರುವನು. ಮನೆಗೂ ಊರಿಗೂ ತಟ್ಟಬಹುದಾದ ಮಾರಿಯನ್ನು ಅವನು ಕಳೆಯುವನೆಂಬುದು ಜನರ ನಂಬಿಕೆ. ರೋಮನರೂ ತಮ್ಮ ದೇವತೆಗಳಲ್ಲಿ ಹೀಗೆಯೇ ಕೇಡಿನ ನಿವಾರಣೆಯನ್ನು ಬೇಡುತ್ತಿದ್ದರು. ಕ್ರೈಸ್ತರ ಆರಾಧನೆಯಲ್ಲಿ ‘ಲಿಟನಿ’ ಎಂಬ ಪ್ರಾರ್ಥನಾಕ್ರಮವೊಂದಿದೆ. ಅದರಲ್ಲಿ ಸಿಡಿಲು, ಬಿರುಗಾಳಿ, ವ್ಯಾಧಿ, ಬರ ಮುಂತಾದುವುಗಳಿಂದ ತಮ್ಮನ್ನು ಪಾರುಮಾಡೆಂದು ದೇವರನ್ನು ಬೇಡುವ ಭಾಗಕ್ಕೆ ‘ಡೆಪ್ರಿಕೇಷನ್ಸ್’ ಎಂದೇ ಹೆಸರು. ನಿಂದೆಯ ಲೇಶವೂ ಇಲ್ಲದ, ಕೈಮುಗಿದು ನಿಂತ ಶಬ್ದವಿದು ಎಂಬುದನ್ನು ಓದುಗರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಈ ಶಬ್ದದ ಬಂಧುಬಳಗವೂ ದೊಡ್ಡದು. ‘ಪ್ರೆಕಾರಿ’ ಎಂಬುದು ಫ್ರೆಂಚ್ ಭಾಷೆಯ ಮೂಲಕ ಹಾದುಬಂದು ಇಂಗ್ಲಿಷಿನ ‘ಪ್ರೇ’ ಆಯಿತು. ‘ಪ್ರೇಯರ್’ ಎಂಬುದೂ ಅದರ ವಂಶದ್ದೇ. ‘ಇಂಪ್ರಿಕೇಷನ್’ ಎಂದರೆ ಕೇಡು ಒಬ್ಬನ ಮೇಲೆ ಬರಲೆಂದು ಬೇಡುವುದು, ಅಂದರೆ ಶಾಪ. ‘ಪ್ರಿಕೇರಿಯಸ್’ ಎಂದರೆ ಬೇಡಿ ಪಡೆದುದು. ಪರರ ದಯೆಯಿಂದ ದೊರೆತುದು ಯಾವಾಗ ಕೈತಪ್ಪುವುದೋ ಹೇಳಲಾಗದಾದುದರಿಂದ, ಇಂದು ಆ ಮಾತಿಗೆ ‘ಅಸ್ಥಿರ, ಅಪಾಯದ ಅಂಚಿನಲ್ಲಿರುವ’ ಎಂಬ ಅರ್ಥ ನಿಂತಿದೆ.

ಇನ್ನೂ ಒಂದು ಸ್ವಾರಸ್ಯವುಂಟು. ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸರು ೧೭೮೬ರಲ್ಲಿ ಕಲ್ಕತ್ತೆಯಲ್ಲಿ ಹೇಳಿದುದನ್ನು ವಿದ್ಯಾರ್ಥಿಗಳು ಕೇಳಿರಬಹುದು. ಲ್ಯಾಟಿನಿನ ‘ಪ್ರೆಕಾರಿ’ಗೆ ಸಂಸ್ಕೃತದಲ್ಲಿರುವ ಸಹೋದರ ಯಾವುದು? ‘ಪ್ರಾರ್ಥನೆ’ ಎಂದು ಹೇಳಲು ನಾಲಗೆ ತವಕಿಸುವುದು ಸಹಜ. ಆದರೆ ಅದು ತಪ್ಪು. ‘ಪ್ರಾರ್ಥನೆ’ಯು ‘ಪ್ರ’ ಎಂಬ ಉಪಸರ್ಗಕ್ಕೆ ‘ಅರ್ಥ’ ಎಂಬುದು ಸೇರಿ ಆದ ಶಬ್ದ. ಹೋಲಿಕೆ ಕೇವಲ ಆಕಸ್ಮಿಕ. ನಿಜವಾದ ಸಹೋದರನೆಂದರೆ ‘ಪ್ರಶ್ನೆ’. ಕೇಳು ಎಂಬ ಅರ್ಥದ ‘ಪ್ರಛ್’ ಧಾತುವಿನಿಂದ ಅದು ಹುಟ್ಟಿತು. ಕನ್ನಡದಲ್ಲಿಯೂ ‘ಕೇಳು’ ಎಂದರೆ ಪ್ರಶ್ನಿಸು ಎಂದೂ ಆಗುವುದು, ಬೇಡು ಎಂದೂ ಆಗುವುದು. ‘ದಾರಿ ಕೇಳಿದನು’, ‘ಸಾಲ ಕೇಳಿದನು’ ಎಂಬ ಎರಡು ಮಾತುಗಳನ್ನು ಹೋಲಿಸಿದರೆ ಇದು ಸ್ಪಷ್ಟವಾಗುವುದು. ಹೀಗೆ ತರಗತಿಯಲ್ಲಿ ದಿನವೂ ಕೇಳುವ ‘ಪ್ರಶ್ನೆ’ಯೂ ವರದಿಯಲ್ಲಿ ನಮ್ಮ ಹಿರಿಯರನ್ನು ಕೆರಳಿಸಿದ ‘ಡೆಪ್ರಿಕೇಟ್’ ಶಬ್ದವೂ ದೂರದ ದಾಯಾದಿಗಳು.

೨. ಅರ್ಥವು ಬದಲಾದ ಬಗೆ

ಇಂಗ್ಲಿಷಿನಲ್ಲಿ ಈ ಶಬ್ದವು ಹದಿನೇಳನೆಯ ಶತಮಾನದಿಂದ ಬಳಕೆಯಲ್ಲಿದೆ. ಆರಂಭದಲ್ಲಿ ದೇವರ ಕೋಪವನ್ನೋ ಪಿಡುಗನ್ನೋ ಪ್ರಾರ್ಥನೆಯಿಂದ ತಪ್ಪಿಸುವುದೆಂಬ ಅರ್ಥವೇ ಪ್ರಧಾನವಾಗಿತ್ತು. ೧೭೫೫ರಲ್ಲಿ ಡಾಕ್ಟರ್ ಜಾನ್ಸನ್ನರು ಪ್ರಕಟಿಸಿದ ಪ್ರಸಿದ್ಧ ನಿಘಂಟಿನಲ್ಲಿಯೂ ಬೇಡಿ ತಪ್ಪಿಸಿಕೊಳ್ಳುವ ಅರ್ಥಕ್ಕೆ ಸ್ಥಾನವಿದೆ.

ದೇವರಲ್ಲಿ ಕೇಡನ್ನು ಕಳೆಯೆಂದು ಬೇಡುವ ಶಬ್ದವನ್ನು ಮನುಷ್ಯರ ಮುಂದೆಯೂ ಜನರು ಬಳಸತೊಡಗಿದರು. ‘ಇಂತಹ ಕೆಲಸ ನಡೆಯದಿರಲಿ’ ಎಂದು ಮನುಷ್ಯರನ್ನು ಕೇಳಿಕೊಳ್ಳುವುದೂ ಡೆಪ್ರಿಕೇಟ್ ಆಯಿತು. ಒಂದು ಕೆಲಸ ನಡೆಯದಿರಲೆಂದು ಕೇಳಿಕೊಳ್ಳುವವನು ಆ ಕೆಲಸವನ್ನು ಒಪ್ಪಿಲ್ಲವೆಂಬುದು ಸ್ಪಷ್ಟವಷ್ಟೆ. ಹೀಗೆ ಬೇಡಿಕೆಯ ಅಂಶವು ಕ್ರಮೇಣ ಹಿಂದೆ ಸರಿದು, ಅಸಮ್ಮತಿಯ ಅಂಶವು ಮುಂದೆ ಬಂದಿತು. ‘ಇದು ಸರಿಯಲ್ಲ, ಇದು ಬೇಡ’ ಎಂದು ಗಂಭೀರವಾಗಿ ಅಭಿಪ್ರಾಯಪಡುವುದು ಎಂಬುದೇ ಇಂದಿನ ಮುಖ್ಯಾರ್ಥ. ಆದರೂ ಹಳೆಯ ವಿನಯದ ವಾಸನೆ ಪೂರ್ತಿಯಾಗಿ ಆರಿಲ್ಲ. ಕೋಪದ ಅಬ್ಬರ ಈ ಶಬ್ದದಲ್ಲಿಲ್ಲ. ಸಭ್ಯನೊಬ್ಬನು ತಲೆಯಾಡಿಸಿ ‘ಬೇಡವಾಗಿತ್ತು’ ಎಂದಂತೆ ಅದರ ಧ್ವನಿ.

ಇಂಗ್ಲಿಷ್ ಕಾದಂಬರಿಗಳನ್ನು ಓದುವವರಿಗೆ ‘ಡೆಪ್ರಿಕೇಟಿಂಗ್ ಸ್ಮೈಲ್’ ಎಂಬ ಮಾತು ದೊರೆಯುವುದುಂಟು. ಅದನ್ನು ‘ನಿಂದಿಸುವ ನಗೆ’ ಎಂದು ಅನುವಾದಿಸಿದರೆ ಕಥೆಯೇ ತಲೆಕೆಳಗಾಗುವುದು. ಇಲ್ಲಿ ಉಳಿದಿರುವುದು ಹಳೆಯ ಅರ್ಥ. ಎದುರಿಗಿರುವವರ ಕೋಪವನ್ನೋ ಅತಿಯಾದ ಹೊಗಳಿಕೆಯನ್ನೋ ತಡೆಯಲೆಂದು ನಗುವ ನಗೆಯದು. ನೆಂಟರು ಬಂದು ‘ನಿಮ್ಮ ಮಗಳು ಎಷ್ಟು ಚೆನ್ನಾಗಿ ಹಾಡುತ್ತಾಳೆ’ ಎಂದಾಗ, ತಾಯಿಯಾದವಳು ಒಳಗೆ ಹಿಗ್ಗಿದರೂ ‘ಅಯ್ಯೋ, ಅಷ್ಟೇನಿಲ್ಲ, ಇನ್ನೂ ಕಲಿಯುತ್ತಿದ್ದಾಳೆ’ ಎಂದು ಸಂಕೋಚದಿಂದ ನಗುವಳಲ್ಲವೇ? ಅದೇ ‘ಡೆಪ್ರಿಕೇಟಿಂಗ್ ಸ್ಮೈಲ್’.

೩. ಪ್ರಯೋಗದ ನಿಯಮಗಳು

ವಿದ್ಯಾರ್ಥಿಗಳು ಈ ಶಬ್ದವನ್ನು ಬಳಸುವಾಗ ನೆನಪಿನಲ್ಲಿಡತಕ್ಕ ನಿಯಮಗಳು ನಾಲ್ಕು.

ಮೊದಲನೆಯದು: ಇದು ಸಕರ್ಮಕ ಕ್ರಿಯಾಪದ, ಕರ್ಮವು ನೇರವಾಗಿ ಬರುವುದು. ‘ಡಿಸಪ್ರೂವ್’ ಶಬ್ದದ ಬಳಿಕ ‘ಆಫ್’ ಬರುವುದುಂಟು. ‘ಡೆಪ್ರಿಕೇಟ್’ ಶಬ್ದದ ಬಳಿಕ ಅದು ಬೇಕಿಲ್ಲ. ‘ವೀ ಡೆಪ್ರಿಕೇಟ್ ದಿ ಯೂಸ್ ಆಫ್ ಫೋರ್ಸ್’ ಎಂಬುದು ಸರಿಯಾದ ವಾಕ್ಯ. ಬಲಪ್ರಯೋಗವು ಸಲ್ಲದೆಂಬುದು ನಮ್ಮ ಅಭಿಪ್ರಾಯ ಎಂದು ಇದರ ತಾತ್ಪರ್ಯ.

ಎರಡನೆಯದು: ಇದರ ಕರ್ಮವು ಸಾಮಾನ್ಯವಾಗಿ ಒಂದು ಕೃತ್ಯ, ರೂಢಿ, ಪ್ರವೃತ್ತಿ ಅಥವಾ ಅಭಿಪ್ರಾಯವಾಗಿರಬೇಕೇ ಹೊರತು ವ್ಯಕ್ತಿಯಾಗಿರಬಾರದು. ‘ದಿ ಹೆಡ್ ಮಾಸ್ಟರ್ ಡೆಪ್ರಿಕೇಟೆಡ್ ದಿ ಬಾಯ್’ ಎಂದು ಬರೆಯತಕ್ಕದ್ದಲ್ಲ. ಹುಡುಗನನ್ನು ಗದರಿಸಿದುದನ್ನು ಹೇಳಬೇಕಾದರೆ ‘ರಿಬ್ಯೂಕ್ಡ್ ದಿ ಬಾಯ್’ ಎನ್ನಬೇಕು. ಹುಡುಗನ ನಡತೆಯು ತಮಗೆ ಸಮ್ಮತವಲ್ಲವೆಂದು ಮುಖ್ಯೋಪಾಧ್ಯಾಯರು ತಿಳಿಸಿದ್ದರೆ ‘ಡೆಪ್ರಿಕೇಟೆಡ್ ದಿ ಬಾಯ್ಸ್ ಕಾಂಡಕ್ಟ್’ ಎನ್ನಬೇಕು. ಈ ನಿಯಮವೇ ಎಲ್ಲಕ್ಕಿಂತ ಮುಖ್ಯವಾದುದು. ಇದರಲ್ಲಿ ವ್ಯಾಕರಣದ ಜೊತೆಗೆ ನೀತಿಯೂ ಅಡಗಿದೆ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೂರನೆಯದು: ಈ ಶಬ್ದದ ಬಳಿಕ ಇನ್ನೊಂದು ಕ್ರಿಯೆಯನ್ನು ಹೇಳಬೇಕಾದಾಗ ‘ಟು’ ಹಚ್ಚಿದ ರೂಪವು ಬರುವುದಿಲ್ಲ, ‘ಇಂಗ್’ ಎಂದು ಕೊನೆಗೊಳ್ಳುವ ರೂಪವು ಬರಬೇಕು. ‘ಡೆಪ್ರಿಕೇಟ್ ಮೇಕಿಂಗ್ ಚಿಲ್ಡ್ರನ್ ಸ್ಟ್ಯಾಂಡ್ ಇನ್ ದಿ ಸನ್’ ಎಂಬುದು ಶುದ್ಧ. ‘ಡೆಪ್ರಿಕೇಟ್ ಟು ಮೇಕ್’ ಎಂಬುದು ಅಶುದ್ಧ.

ನಾಲ್ಕನೆಯದು: ಇದು ಬರವಣಿಗೆಯ ಹಾಗೂ ಸಭೆಯ ಶಬ್ದ. ಸಂಪಾದಕೀಯಗಳು, ವರದಿಗಳು, ಗೊತ್ತುವಳಿಗಳು, ಅಧಿಕೃತ ಪತ್ರಗಳು ಇವುಗಳಲ್ಲಿ ಅದಕ್ಕೆ ಸ್ಥಳವುಂಟು. ಊಟಕ್ಕೆ ಕುಳಿತ ಬಾಲಕನು ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳಲು ಈ ಶಬ್ದವನ್ನು ಪ್ರಯೋಗಿಸಿದರೆ ಮನೆಯವರು ನಕ್ಕಾರು.

೪. ಒಂದು ‘ಐ’ಯ ಅಂತರ

ತರುಣ ಅಧ್ಯಾಪಕರು ಮಾಡಿದ ತಪ್ಪನ್ನು ಈಗ ನೋಡೋಣ. ‘ಡೆಪ್ರಿಕೇಟ್’ ಶಬ್ದದಲ್ಲಿ ಇಂಗ್ಲಿಷ್ ಅಕ್ಷರಗಳು ಒಂಬತ್ತು. ‘ಸಿ’ ಎಂಬ ಅಕ್ಷರದ ಬಳಿಕ ಒಂದು ‘ಐ’ಯನ್ನು ಸೇರಿಸಿದರೆ ಹತ್ತಕ್ಷರದ ‘ಡಿಪ್ರೀಶಿಯೇಟ್’ ಆಗುವುದು. ಉಚ್ಚಾರಣೆಯೂ ಬೇರೆ. ಮೊದಲನೆಯದರಲ್ಲಿ ಒತ್ತು ‘ಡೆ’ ಎಂಬುದರ ಮೇಲೆ. ಎರಡನೆಯದರಲ್ಲಿ ‘ಪ್ರೀ’ ಎಂಬುದರ ಮೇಲೆ.

ಹುಟ್ಟಿನಲ್ಲಿ ಇವೆರಡಕ್ಕೂ ಸಂಬಂಧವೇ ಇಲ್ಲ. ‘ಡಿಪ್ರೀಶಿಯೇಟ್’ ಶಬ್ದದ ಒಡಲಲ್ಲಿರುವುದು ಲ್ಯಾಟಿನಿನ ‘ಪ್ರೆತಿಯುಂ’, ಅಂದರೆ ಬೆಲೆ. ಇಂಗ್ಲಿಷಿನ ಪ್ರೈಸ್, ಪ್ರೇಸ್, ಪ್ರೆಷಸ್, ಅಪ್ರೀಶಿಯೇಟ್ ಎಂಬುವೆಲ್ಲ ಆ ವಂಶದವು. ಇಲ್ಲಿಯ ‘ದೆ’ ಉಪಸರ್ಗಕ್ಕೆ ‘ಕೆಳಕ್ಕೆ’ ಎಂಬ ಅರ್ಥ. ಆದುದರಿಂದ ‘ಡಿಪ್ರೀಶಿಯೇಟ್’ ಎಂದರೆ ಬೆಲೆ ಇಳಿ, ಬೆಲೆ ಇಳಿಸು, ಕೀಳಾಗಿ ಕಾಣು. ಯಂತ್ರವೋ ವಾಹನವೋ ಬಳಸುತ್ತ ಬಂದಂತೆ ಸವೆದು ಅದರ ಬೆಲೆ ಕುಗ್ಗುವುದನ್ನು ಲೆಕ್ಕಪತ್ರಗಳಲ್ಲಿ ‘ಡಿಪ್ರೀಶಿಯೇಷನ್’ ಎನ್ನುವರು. ಕನ್ನಡದಲ್ಲಿ ‘ಸವಕಳಿ’ ಎಂಬ ಸೊಗಸಾದ ಶಬ್ದವಿದೆ. ಹಣದ ಮೌಲ್ಯವು ಪೇಟೆಯಲ್ಲಿ ತಾನಾಗಿ ಇಳಿದರೂ ಈ ಶಬ್ದವನ್ನೇ ಬಳಸುವರು. ಸರ್ಕಾರವೇ ನಿರ್ಣಯಿಸಿ ಇಳಿಸಿದರೆ ಅದಕ್ಕೆ ‘ಡಿವ್ಯಾಲ್ಯುಯೇಷನ್’ ಅಥವಾ ಅಪಮೌಲ್ಯವೆಂದು ಹೆಸರು. ೧೯೬೬ನೆಯ ಇಸವಿ ಜೂನ್ ೬ರಂದು ನಮ್ಮ ರೂಪಾಯಿಯ ಅಪಮೌಲ್ಯವಾದಾಗ ಒಂದು ಡಾಲರಿನ ಬೆಲೆ ೪.೭೬ ರೂಪಾಯಿಗಳಿಂದ ೭.೫೦ ರೂಪಾಯಿಗಳಿಗೆ ಏರಿತು.

ಹೀಗೆ ಒಂದು ಪ್ರಾರ್ಥನೆಯ ವಂಶದ್ದು, ಇನ್ನೊಂದು ಬೆಲೆಯ ವಂಶದ್ದು. ಆದರೂ ರೂಪದ ಹೋಲಿಕೆಯಿಂದ ಇಂಗ್ಲಿಷರೇ ಇವುಗಳನ್ನು ಅದಲುಬದಲು ಮಾಡುತ್ತ ಬಂದಿದ್ದಾರೆ. ಫೌಲರ್ ಎಂಬ ಪಂಡಿತರು ೧೯೨೬ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಪ್ರಯೋಗಕೋಶದಲ್ಲಿ ಈ ಗೊಂದಲವನ್ನು ಎತ್ತಿ ತೋರಿಸಿ ಎಚ್ಚರಿಸಿದ್ದಾರೆ. ಎಚ್ಚರಿಕೆ ಪೂರ್ತಿಯಾಗಿ ಫಲಿಸಲಿಲ್ಲ. ತನ್ನನ್ನು ತಾನೇ ವಿನಯದಿಂದ ಕಡಿಮೆ ಮಾಡಿ ಹೇಳಿಕೊಳ್ಳುವುದಕ್ಕೆ ‘ಸೆಲ್ಫ್ ಡಿಪ್ರೀಶಿಯೇಷನ್’ ಎಂಬುದೇ ಹಿಂದಿನ ಸರಿಯಾದ ಮಾತಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ‘ಸೆಲ್ಫ್ ಡೆಪ್ರಿಕೇಷನ್’ ಎಂಬುದು ಅದನ್ನು ಹಿಂದಕ್ಕೆ ತಳ್ಳಿ, ಇಂದು ಎಲ್ಲ ನಿಘಂಟುಗಳ ಮನ್ನಣೆಯನ್ನೂ ಪಡೆದಿದೆ. ಬಹುಜನರ ರೂಢಿಯ ಮುಂದೆ ವ್ಯುತ್ಪತ್ತಿಯ ಬಲ ಸಾಲದೆಂಬುದಕ್ಕೆ ಇದೊಂದು ಉದಾಹರಣೆ. ಆದರೂ ಈ ಒಂದು ಸಮಾಸವನ್ನು ಬಿಟ್ಟು ಉಳಿದೆಡೆ ಎರಡರ ಭೇದವನ್ನು ಕಾಪಾಡಿಕೊಳ್ಳುವುದೇ ವಿದ್ಯಾರ್ಥಿಗಳಿಗೆ ಕ್ಷೇಮ.

೫. ನೆರೆಹೊರೆಯ ಶಬ್ದಗಳು

ಅಸಮ್ಮತಿಯ ಶಬ್ದಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ ನೋಡಬಹುದು. ‘ಡಿಸಪ್ರೂವ್’ ಎಂಬುದು ಕೆಳಗಿನ ಮೆಟ್ಟಿಲು. ಮನಸ್ಸಿನಲ್ಲಿ ಒಪ್ಪದಿದ್ದರೆ ಸಾಕು, ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. ‘ಡೆಪ್ರಿಕೇಟ್’ ಅದಕ್ಕಿಂತ ಮೇಲಿನದು. ಇದರಲ್ಲಿ ಅಸಮ್ಮತಿಯನ್ನು ಪ್ರಕಟಿಸಬೇಕಾಗುವುದು. ‘ಡಿಪ್ಲೋರ್’ ಶಬ್ದದ ಮೂಲದಲ್ಲಿ ಅಳುವುದೆಂಬ ಅರ್ಥವಿದೆ. ಆಗಿಹೋದ ಅಕಾರ್ಯಕ್ಕಾಗಿ ಮರುಗಿ ಅದನ್ನು ಹಳಿಯುವುದು ಅದರ ಭಾವ. ಮುಂದೆ ಆಗಬಾರದೆಂದು ಹೇಳುವಾಗ ‘ಡೆಪ್ರಿಕೇಟ್’, ಆದುದಕ್ಕೆ ಮರುಗುವಾಗ ‘ಡಿಪ್ಲೋರ್’ ಎಂದು ಸ್ಥೂಲವಾಗಿ ನೆನಪಿಡಬಹುದು. ‘ಕಂಡೆಮ್’ ಎಂಬುದು ತೀರ್ಪಿನ ಶಬ್ದ. ತಪ್ಪು ನಿರ್ಧಾರವಾಯಿತು, ಇನ್ನು ಮಾತಿಲ್ಲವೆಂಬ ಕಾಠಿಣ್ಯ ಅದರಲ್ಲಿದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಣಯಗಳಲ್ಲಿ ‘ಡಿಪ್ಲೋರ್’ ಎಂದು ಬರೆಯುವುದೋ ‘ಕಂಡೆಮ್’ ಎಂದು ಬರೆಯುವುದೋ ಎಂಬುದನ್ನು ರಾಷ್ಟ್ರಗಳ ಪ್ರತಿನಿಧಿಗಳು ಅಳೆದು ತೂಗಿ ನಿಶ್ಚಯಿಸುವುದು ಇದೇ ಕಾರಣದಿಂದ.

‘ಸೆನ್ಷರ್’ ಶಬ್ದದ ಹಿಂದೆ ಪ್ರಾಚೀನ ರೋಮಿನ ‘ಸೆನ್ಸರ್’ ಎಂಬ ಅಧಿಕಾರಿಯ ನೆರಳಿದೆ. ಜನಗಣತಿಯ ಜೊತೆಗೆ ಪ್ರಜೆಗಳ ನಡತೆಯ ಮೇಲ್ವಿಚಾರಣೆಯೂ ಅವನ ಕೆಲಸವಾಗಿತ್ತು. ಅಯೋಗ್ಯನೆಂದು ಕಂಡ ಸದಸ್ಯನ ಹೆಸರನ್ನು ಸೆನೆಟ್ ಸಭೆಯ ಪಟ್ಟಿಯಿಂದ ತೆಗೆಯುವ ಅಧಿಕಾರವೂ ಅವನಿಗಿತ್ತು. ಆದುದರಿಂದ ‘ಸೆನ್ಷರ್’ ಎಂದರೆ ಅಧಿಕಾರವುಳ್ಳವರು ವಿಧಿವತ್ತಾಗಿ ಮಾಡುವ ಖಂಡನೆ. ನಮ್ಮ ಲೋಕಸಭೆಯಲ್ಲಿ ಖಂಡನಾ ನಿರ್ಣಯವನ್ನು ತರುವವರು ಅದಕ್ಕೆ ಕಾರಣಗಳನ್ನು ನಿರ್ದಿಷ್ಟವಾಗಿ ಹೇಳಬೇಕು. ಅವಿಶ್ವಾಸ ನಿರ್ಣಯಕ್ಕೆ ಹಾಗೆ ಕಾರಣ ಕೊಡಬೇಕಾಗಿಲ್ಲ.

೬. ಕನ್ನಡದಲ್ಲಿ ಹೇಗೆ ಹೇಳುವುದು?

ನಮ್ಮ ನುಡಿಯಲ್ಲಿ ಅಸಮ್ಮತಿಯ ಶಬ್ದಗಳಿಗೆ ಬಡತನವಿಲ್ಲ. ಆಕ್ಷೇಪಿಸು, ಟೀಕಿಸು, ಖಂಡಿಸು, ತೆಗಳು, ಹಳಿ, ಜರೆ, ನಿಂದಿಸು, ಗದರಿಸು, ಛೀಮಾರಿ ಹಾಕು ಎಂದು ಪಟ್ಟಿಯನ್ನು ಬೆಳೆಸುತ್ತ ಹೋಗಬಹುದು. ‘ಖಂಡಿಸು’ ಎಂಬಲ್ಲಿ ಖಂಡ ಅಥವಾ ತುಂಡು ಮಾಡುವ ಭಾವನೆಯಿದೆ. ‘ಆಕ್ಷೇಪ’ದಲ್ಲಿ ಎಸೆಯುವ ಅರ್ಥದ ‘ಕ್ಷಿಪ್’ ಧಾತುವಿದೆ. ‘ನಿಂದೆ’ಯು ನೇರವಾಗಿ ವ್ಯಕ್ತಿಯ ಮಾನಕ್ಕೆ ತಾಗುವುದು. ಇವುಗಳಲ್ಲಿ ಒಂದು ಕತ್ತರಿಸುತ್ತದೆ, ಒಂದು ಕಲ್ಲೆಸೆಯುತ್ತದೆ, ಒಂದು ಮುಖಕ್ಕೆ ಮಸಿ ಬಳಿಯುತ್ತದೆ. ಕೈಮುಗಿದು ನಿಂತ ‘ಡೆಪ್ರಿಕೇಟ್’ ಶಬ್ದಕ್ಕೆ ಇವು ಯಾವುವೂ ಸರಿಯಾಗಿ ಒಪ್ಪಲಾರವು.

ಒಪ್ಪುವ ಶಬ್ದ ನಮ್ಮ ಮನೆಯಲ್ಲಿಯೇ ಇದೆ. ಅದೇ ‘ಬೇಡ’. ‘ಬೇಡು’ ಎಂದರೆ ಯಾಚಿಸು, ಪ್ರಾರ್ಥಿಸು. ‘ಬೇಡ’ ಎಂದರೆ ಇಷ್ಟವಿಲ್ಲ, ಕೂಡದು. ಮೇಲುನೋಟಕ್ಕೆ ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ಶಬ್ದಗಳೂ ಒಂದೇ ದ್ರಾವಿಡ ಮೂಲಕ್ಕೆ ಸೇರಿದುವು. ಅದರ ನಿಷೇಧರೂಪವೇ ‘ಬೇಡ’. ನೆರೆಯ ತಮಿಳಿನ ‘ವೇಂಡಾಂ’, ಮಲಯಾಳದ ‘ವೇಂಡ’, ತುಳುವಿನ ‘ಬೊಡ್ಚಿ’ ಇವೂ ಅದೇ ಬಳಗದವು. ಲ್ಯಾಟಿನ್ ಭಾಷೆಯು ಬೇಡುವ ಧಾತುವಿಗೆ ಉಪಸರ್ಗವನ್ನು ಹಚ್ಚಿ ಕಟ್ಟಿದ ಅರ್ಥವನ್ನು ದ್ರಾವಿಡ ಭಾಷೆಗಳು ಬೇಡುವ ಧಾತುವಿಗೆ ನಿಷೇಧವನ್ನು ಸೇರಿಸಿ ಕಟ್ಟಿವೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷಾಕುಲಗಳು ಇಷ್ಟು ಹತ್ತಿರ ಬಂದಿರುವುದು ಸೋಜಿಗವಲ್ಲವೇ? ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತ, ಪೇಟೆಯಲ್ಲಿ ಇನ್ನೊಂದು ಭಾಷೆಯನ್ನು ಕೇಳುತ್ತ, ಶಾಲೆಯಲ್ಲಿ ಇಂಗ್ಲಿಷನ್ನು ಓದುವ ನಮ್ಮ ಗಡಿನಾಡಿನ ಮಕ್ಕಳಿಗೆ ಇಂತಹ ಹೋಲಿಕೆಗಳು ತಾವಾಗಿ ಒದಗಿಬರುವ ಸಂಪತ್ತು.

ಆದುದರಿಂದ ‘ದಿ ಪ್ರ್ಯಾಕ್ಟಿಸ್ ಈಸ್ ಡೆಪ್ರಿಕೇಟೆಡ್’ ಎಂಬ ವಾಕ್ಯವನ್ನು ‘ಈ ರೂಢಿಯನ್ನು ಖಂಡಿಸಲಾಗಿದೆ’ ಎಂದು ಅನುವಾದಿಸುವುದಕ್ಕಿಂತ ‘ಈ ರೂಢಿ ಬೇಡವೆಂದು ಅಭಿಪ್ರಾಯಪಡಲಾಗಿದೆ’ ಎಂದೋ ‘ಈ ರೂಢಿ ಸಲ್ಲದು’ ಎಂದೋ ಹೇಳುವುದು ಉತ್ತಮ. ‘ಸಲ್ಲು’ ಎಂಬುದೂ ಬೆಲೆಯುಳ್ಳ ಶಬ್ದ. ನಾಣ್ಯ ಸಲ್ಲುತ್ತದೆ, ಮಾತು ಸಲ್ಲುತ್ತದೆ, ನಡತೆಯೂ ಸಲ್ಲುತ್ತದೆ. ಸಲ್ಲದೆಂದು ಹೇಳಿದಾಗ ಬೈದಂತಾಗುವುದಿಲ್ಲ. ಆದರೆ ಹೇಳಬೇಕಾದುದನ್ನು ಖಂಡಿತವಾಗಿ ಹೇಳಿದಂತಾಗುವುದು.

೭. ಗಣಕಯಂತ್ರದಲ್ಲಿ ದೊರೆತ ಹೊಸ ಅರ್ಥ

ಇಂದಿನ ವಿದ್ಯಾರ್ಥಿಗಳು ಈ ಶಬ್ದವನ್ನು ಪುಸ್ತಕಗಳಿಗಿಂತ ಹೆಚ್ಚಾಗಿ ಗಣಕಯಂತ್ರದ ಪರದೆಯ ಮೇಲೆ ಕಾಣುವರು. ಗಣಕದ ಭಾಷೆಯಲ್ಲಿ ಒಂದು ಆದೇಶವೋ ಸೌಲಭ್ಯವೋ ‘ಡೆಪ್ರಿಕೇಟೆಡ್’ ಎಂದರೆ, ಅದು ಈಗಲೂ ಕೆಲಸ ಮಾಡುತ್ತದೆ. ಆದರೆ ಇನ್ನು ಮುಂದೆ ಅದನ್ನು ಬಳಸಬೇಡಿರಿ, ಅದಕ್ಕಿಂತ ಉತ್ತಮವಾದುದು ಬಂದಿದೆ, ಮುಂದೊಂದು ದಿನ ಇದನ್ನು ತೆಗೆದುಹಾಕಬಹುದು ಎಂದರ್ಥ. ಜಾಲಪುಟಗಳನ್ನು ರಚಿಸುವ ಎಚ್.ಟಿ.ಎಂ.ಎಲ್. ಎಂಬ ಭಾಷೆಯ ನಾಲ್ಕನೆಯ ಆವೃತ್ತಿಯು ೧೯೯೭ರ ಡಿಸೆಂಬರಿನಲ್ಲಿ ಹೊರಬಂದಾಗ, ಅಕ್ಷರಗಳ ರೂಪವನ್ನು ನಿರ್ದೇಶಿಸುವ ‘ಫಾಂಟ್’, ಬರಹವನ್ನು ನಡುವಿಗೆ ತರುವ ‘ಸೆಂಟರ್’ ಎಂಬ ಎರಡು ಗುರುತುಗಳನ್ನು ಹೀಗೆ ‘ಡೆಪ್ರಿಕೇಟೆಡ್’ ಎಂದು ಸಾರಲಾಯಿತು. ೨೦೧೪ರ ಐದನೆಯ ಆವೃತ್ತಿಯಲ್ಲಿ ಅವು ಬಳಕೆ ತಪ್ಪಿದುವೆಂದೇ ಘೋಷಿತವಾದುವು.

ಹಿರಿಯರಿಗೆ ಇದನ್ನು ನಾಣ್ಯಗಳ ಉದಾಹರಣೆಯಿಂದ ತಿಳಿಸಬಹುದು. ೧೯೫೭ನೆಯ ಇಸವಿ ಏಪ್ರಿಲ್ ೧ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದು, ರೂಪಾಯಿಗೆ ನೂರು ನಯೇ ಪೈಸೆಗಳಾದುವು. ಆದರೆ ಹಳೆಯ ಆಣೆಗಳು ಅಂದೇ ನಿಷಿದ್ಧವಾಗಲಿಲ್ಲ. ಕೆಲವು ಕಾಲ ಎರಡೂ ಒಟ್ಟಿಗೆ ನಡೆದುವು. ಅಂಗಡಿಗಳಲ್ಲಿ ಆಣೆಯನ್ನು ಪೈಸೆಗೆ ಪರಿವರ್ತಿಸುವ ಲೆಕ್ಕವೂ ನಡೆಯುತ್ತಿತ್ತು. ಜನರು ಹೊಸತಕ್ಕೆ ಹೊಂದಿಕೊಂಡ ಹಾಗೆ ಹಳೆಯದು ಮರೆಯಾಯಿತು. ಆ ನಡುವಣ ಕಾಲದ ಆಣೆಯ ಸ್ಥಿತಿಯೇ ಗಣಕದ ‘ಡೆಪ್ರಿಕೇಟೆಡ್’ ಸ್ಥಿತಿ. ಇಲ್ಲಿಯೂ ನಿಂದೆಯಿಲ್ಲ, ‘ಇದು ಸಾಕು, ಇನ್ನು ಬೇಡ’ ಎಂಬ ಸೌಮ್ಯವಾದ ಸೂಚನೆ ಮಾತ್ರವಿದೆ.

೮. ಕೊನೆ ಮಾತು

ಕರ್ಮಸ್ಥಾನದಲ್ಲಿ ವ್ಯಕ್ತಿಯನ್ನು ಇರಿಸಬಾರದೆಂಬ ನಿಯಮದಲ್ಲಿ ನೀತಿಯೂ ಅಡಗಿದೆಯೆಂದು ಹಿಂದೆ ಹೇಳಿದೆನಷ್ಟೆ. ತಂದೆತಾಯಿಗಳೂ ಅಧ್ಯಾಪಕರೂ ಮಕ್ಕಳ ತಪ್ಪುಗಳನ್ನು ಕಂಡಾಗ ಸುಮ್ಮನಿರುವುದು ಸಾಧ್ಯವಿಲ್ಲ, ಸುಮ್ಮನಿರಲೂ ಬಾರದು. ಆದರೆ ಹೇಳುವ ಬಗೆ ಎರಡು. ಮಗನು ಗಣಿತದಲ್ಲಿ ಕಡಿಮೆ ಅಂಕಗಳನ್ನು ತಂದಾಗ, ‘ನೀನು ದಡ್ಡ, ನಿನ್ನಿಂದೇನೂ ಆಗದು’ ಎಂದರೆ ಅದು ‘ಡಿಪ್ರೀಶಿಯೇಟ್’. ಮಗುವಿನ ಬೆಲೆಯನ್ನೇ ನಾವು ಇಳಿಸಿದೆವು. ‘ಪರೀಕ್ಷೆಯ ಹಿಂದಿನ ರಾತ್ರಿಯವರೆಗೆ ಪುಸ್ತಕ ತೆರೆಯದ ಈ ಅಭ್ಯಾಸ ಬೇಡ, ಮಗು’ ಎಂದರೆ ಅದು ‘ಡೆಪ್ರಿಕೇಟ್’. ಬೇಡವೆಂದುದು ಅಭ್ಯಾಸವನ್ನು, ಮಗುವಿನ ಬೆಲೆ ಇದ್ದಂತೆಯೇ ಉಳಿಯಿತು. ಮೊದಲನೆಯ ಮಾತನ್ನು ಕೇಳಿದ ಮಗುವಿಗೆ ಮಾಡಲು ಏನೂ ಉಳಿದಿಲ್ಲ. ಎರಡನೆಯದನ್ನು ಕೇಳಿದ ಮಗು ನಾಳೆಯಿಂದಲೇ ಪುಸ್ತಕವನ್ನು ತೆರೆಯಬಹುದು. ನಡುವೆ ಇರುವುದು ಒಂದು ‘ಐ’ಯ ಅಂತರವಷ್ಟೆ.

ವಿದ್ಯಾರ್ಥಿಗಳೂ ಇದನ್ನು ಇನ್ನೊಂದು ಕಡೆಯಿಂದ ನೆನೆಯಬೇಕು. ಹಿರಿಯರು ‘ಬೇಡ’ ಎಂದಾಗ ನಮ್ಮನ್ನು ನಿಂದಿಸಿದರೆಂದು ಮುನಿಯುವ ಮೊದಲು, ಅವರು ಬೇಡವೆಂದುದು ಯಾವುದನ್ನು ಎಂದು ವಿಚಾರಿಸಬೇಕು. ನಮ್ಮ ಶಾಲೆಯ ಹಿರಿಯರು ಅಂದು ಒಂದು ಶಬ್ದವನ್ನು ತಪ್ಪಾಗಿ ತಿಳಿದು ಕೆರಳಿದರು. ಸರಿಯಾಗಿ ತಿಳಿದ ಕೂಡಲೇ ಒಪ್ಪಿದರು. ಹಾಗೆ ಒಪ್ಪಿದುದು ಅವರ ದೊಡ್ಡತನ. ಆ ಉತ್ತರವು ಅಂಚೆಗೆ ಹೋಗಿದ್ದರೆ ಹಟಕ್ಕಾಗಿಯಾದರೂ ನಮ್ಮನ್ನು ಮತ್ತೆ ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದರೇನೋ. ನಿಘಂಟಿನಲ್ಲಿ ಮೊದಲು ಕಂಡ ಅರ್ಥಕ್ಕೆ ನಿಲ್ಲದೆ, ಎರಡನೆಯದನ್ನೂ ಮೂರನೆಯದನ್ನೂ ನೋಡುವ ತಾಳ್ಮೆ ಒಬ್ಬ ಅಧ್ಯಾಪಕರಿಗಿದ್ದುದರಿಂದ ಒಂದು ಶಾಲೆಯ ಮಕ್ಕಳಿಗೆ ನೆರಳು ದೊರೆಯಿತು. ಆ ತಾಳ್ಮೆಯನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ರೂಢಿಸಿಕೊಳ್ಳಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.